ಸೀಟು ಮಾರಿದ ಸಿನಿಮಾ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ - ಟೆಕ್ಸಾಸಿನ ಈ ಮೂರು ಊರುಗಳಲ್ಲಿ ಯಾವುದರಿಂದ ಹೊರಟರೂ ಬೆಂಗಳೂರಿಗೆ ನೇರ ವಿಮಾನವಿಲ್ಲ. ದುಬೈ, ದೋಹಾ, ಫ್ರಾಂಕ್‌ಫರ್ಟ್, ಲಂಡನ್ ಹೀಗೆ ಎಲ್ಲಾದರೂ ಇಳಿದು ಇನ್ನೊಂದು ವಿಮಾನ ಹತ್ತಲೇಬೇಕು. ಡಲ್ಲಾಸಿನಿಂದ ದುಬೈ ತಲುಪುವುದಕ್ಕೇ ಸುಮಾರು 13 ಸಾವಿರ ಕಿಲೋಮೀಟರ್ ಹಾರಬೇಕು. ಹದಿನೈದು ಗಂಟೆಯ ಆಸುಪಾಸು ಒಂದೇ ಸೀಟಿನಲ್ಲಿ ಕೂತಿರಬೇಕು. ಈ ಹೊತ್ತನ್ನು ಕಳೆಯಲು ಎದುರಿನ ಸೀಟಿನ ಬೆನ್ನಿಗೆ ಅಂಟಿದ ಪರದೆಯೇ ಬಹಳ ಜನಕ್ಕೆ ಆಸರೆ. ಹಾಗಾಗಿ ಪ್ರಯಾಣ ದೀರ್ಘವಾದದ್ದರಿಂದ ಸಿನಿಮಾ ಬಂತು, ಬೇಸರ ಕಳೆಯಲೆಂದೇ ಅದನ್ನು ತಂದರು ಎಂದು ನಾವೆಲ್ಲ ಸಹಜವಾಗಿ ನಂಬಿದ್ದೇವೆ. ಚರಿತ್ರೆ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಟಿಕೆಟ್ಟಿನ ದರದಲ್ಲಿ ಪೈಪೋಟಿ ಮಾಡಲಾಗದಿದ್ದ ಕಾಲದಲ್ಲಿ, ಖಾಲಿ ಸೀಟು ತುಂಬಿಸುವ ಉಪಾಯವಾಗಿ ಸಿನಿಮಾ ವಿಮಾನದೊಳಕ್ಕೆ ಬಂತು; ಇಂದಿಗೂ ಅದರ ಏಳುಬೀಳು ವಿಮಾನ ಕಂಪನಿಗಳ ಲೆಕ್ಕಪುಸ್ತಕವನ್ನೇ ಅನುಸರಿಸುತ್ತದೆ. ಈ ಮಾತಿಗೆ ಟೆಕ್ಸಾಸಿನ ಈ ಮೂರು ಊರುಗಳಷ್ಟು ಒಳ್ಳೆಯ ಸಾಕ್ಷಿ ಬೇರೆಲ್ಲೂ ಸಿಗುವುದು ಕಷ್ಟ. ಆ ದಾರಿಯಲ್ಲಿ ಓಡಾಡುವ ಕನ್ನಡಿಗರು ತಮ್ಮ ಭಾಷೆಯ ಚಿತ್ರ ಆ ಪರದೆಯಲ್ಲಿ ಏಕೆ ಅಪರೂಪ ಎಂದು ಕೇಳಿಕೊಳ್ಳುವಾಗಲೂ ಉತ್ತರವನ್ನು ಇಲ್ಲಿಂದಲೇ ಹುಡುಕಬೇಕು.

ಹಾರುವಾಗ ಸಿನಿಮಾ ತೋರಿಸಬಹುದು ಎಂಬುದು ಬಹಳ ಹಿಂದೆಯೇ ಗೊತ್ತಾಗಿದ್ದ ಸಂಗತಿ. 1921ರ ಆಗಸ್ಟಿನಲ್ಲಿ ಷಿಕಾಗೋದ ವಸ್ತುಪ್ರದರ್ಶನದ ಹೊತ್ತಿಗೆ ಏರೋಮರೀನ್ ಏರ್‌ವೇಸ್ ಎಂಬ ಕಂಪನಿ ನೀರಿನ ಮೇಲೆ ಇಳಿಯುವ ತನ್ನ ವಿಮಾನದಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು, ಊರಿನ ಮೇಲೆ ಹಾರುತ್ತಲೇ ಆ ಊರಿನ ಬಗೆಗಿನ ‘ಹೌಡಿ ಷಿಕಾಗೋ’ ಎಂಬ ಪ್ರಚಾರ ಚಿತ್ರ ತೋರಿಸಿತು. 1925ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಹೊರಟ ಹ್ಯಾಂಡ್ಲಿ ಪೇಜ್ ವಿಮಾನವೊಂದರಲ್ಲಿ ‘ದಿ ಲಾಸ್ಟ್ ವರ್ಲ್ಡ್’ ಎಂಬ ಮೂಕಿ ಚಿತ್ರವನ್ನು ತೋರಿಸಿತು. ಎರಡೂ ಜನರ ಗಮನ ಸೆಳೆಯಲು ಮಾಡಿದ ಪ್ರದರ್ಶನಗಳು. ಎರಡೂ ರೂಢಿಯಾಗಿ ಬೆಳೆಯಲಿಲ್ಲ. ಮುಂದಿನ ಮೂವತ್ತಾರು ವರ್ಷ ದಿನನಿತ್ಯದ ವಿಮಾನಗಳಲ್ಲಿ ಕ್ರಮವಾಗಿ ಸಿನಿಮಾ ತೋರಿಸುವ ಪದ್ಧತಿ ಬರಲೇ ಇಲ್ಲ. ಪ್ರಯಾಣ ಅತ್ಯಂತ ನಿಧಾನವಾಗಿದ್ದ, ಅತ್ಯಂತ ದಣಿವಿನದಾಗಿದ್ದ ವರ್ಷಗಳು ಅವೇ. 1929ರಲ್ಲಿ ಲಂಡನ್ನಿನಿಂದ ಕರಾಚಿಗೆ ಬರಲು ಒಂದು ವಾರ ಬೇಕಿತ್ತು. 1953ರಲ್ಲಿ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ನಡುವೆ ನಿಲ್ಲದೆ ಹಾರಲು ಡಿಸಿ-7 ವಿಮಾನಕ್ಕೆ ಸುಮಾರು ಎಂಟು ಗಂಟೆ ಹಿಡಿಯುತ್ತಿತ್ತು. ಆಗ ಯಾರಿಗೂ ಸಿನಿಮಾ ಬೇಕೆನಿಸಲಿಲ್ಲ. ಜೆಟ್ ವಿಮಾನ ಬಂದು ಅದೇ ದಾರಿ ಐದು ಗಂಟೆಗೆ ಇಳಿದ ಮೇಲೆ, 1961ರ ಜುಲೈ 19ರಂದು, ಟಿಡಬ್ಲ್ಯುಎ ಕಂಪನಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಹೋಗುವ ಬೋಯಿಂಗ್ 707ರ ಪ್ರಥಮ ದರ್ಜೆಯಲ್ಲಿ ಲಾನಾ ಟರ್ನರ್ ನಟಿಸಿದ ‘ಬೈ ಲವ್ ಪೊಸೆಸ್ಡ್’ ಚಿತ್ರದೊಂದಿಗೆ ನಿತ್ಯದ ಪ್ರದರ್ಶನ ಆರಂಭಿಸಿತು. ಪ್ರಯಾಣ ಚಿಕ್ಕದಾದ ಮೇಲೆ ಸಿನಿಮಾ ಬಂತು ಎಂಬ ಈ ಒಂದು ಸಂಗತಿಯೇ ಬೇಸರದ ವಾದವನ್ನು ಅಲುಗಾಡಿಸುತ್ತದೆ.

ಇದಕ್ಕೆ ತಾಂತ್ರಿಕ ಕಾರಣ ಕೊಡುವವರಿದ್ದಾರೆ: ಪ್ರೊಪೆಲರ್ ವಿಮಾನಗಳ ಅಬ್ಬರ, ಅದುರಾಟದ ನಡುವೆ ಮಾತು ಕೇಳಿಸುವುದೆಲ್ಲಿ, ಚಿತ್ರ ನಿಲ್ಲುವುದೆಲ್ಲಿ, ಜೆಟ್ ಬಂದು ಒಳಗೆ ಶಾಂತವಾಯಿತು, ಆಮೇಲೆ ಸಿನಿಮಾ ಸಾಧ್ಯವಾಯಿತು ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಸಾಧ್ಯವಾದದ್ದನ್ನೆಲ್ಲ ಯಾವ ವ್ಯಾಪಾರಿಯೂ ಮಾಡುವುದಿಲ್ಲ, ಲಾಭ ಕಂಡರೆ ಮಾಡುತ್ತಾನೆ. ಲಾಭ ಕಂಡದ್ದು ಎಲ್ಲಿ ಎಂದು ತಿಳಿಯಲು ಆ ಕಾಲದ ಅಮೆರಿಕದ ಕಾನೂನು ನೋಡಬೇಕು. 1938ರಿಂದ 1978ರವರೆಗೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ವಿಮಾನಗಳ ಮಾರ್ಗ ಮತ್ತು ದರ ಎರಡೂ ಒಕ್ಕೂಟ ಸರಕಾರದ ಹಿಡಿತದಲ್ಲಿದ್ದವು; ಆ ಅಧಿಕಾರ ಬಹುಪಾಲು ನಾಗರಿಕ ವಿಮಾನಯಾನ ಮಂಡಳಿಯದಾಗಿತ್ತು. ಒಂದೇ ದಾರಿಯಲ್ಲಿ ಮೂರು ಕಂಪನಿ ಹಾರಿದರೂ ಟಿಕೆಟ್ಟಿನ ಬೆಲೆ ಹೆಚ್ಚುಕಡಿಮೆ ಒಂದೇ. ಜೆಟ್‌ಗಳು ಬಂದಾಗ ಒಮ್ಮೆಲೇ ಸೀಟುಗಳ ಸಂಖ್ಯೆ ಏರಿತು. ಸಾಲ ಮಾಡಿ ಕೊಂಡ ವಿಮಾನಗಳನ್ನು ತುಂಬಿಸುವ ಒತ್ತಡ ಹೆಚ್ಚಿತು. ದರ ಇಳಿಸುವ ಹಾಗಿಲ್ಲ, ವೇಗ ಎಲ್ಲರದೂ ಅಷ್ಟೇ. ಉಳಿದದ್ದು ಊಟ, ಉಪಚಾರ, ಉಡುಪು ಮತ್ತು ಸಿನಿಮಾ. ಟಿಡಬ್ಲ್ಯುಎಗೆ ಆ ಯಂತ್ರ ಒದಗಿಸಿದ ಡೇವಿಡ್ ಫ್ಲೆಕ್ಸರ್ ಚಿತ್ರಮಂದಿರಗಳ ಮಾಲೀಕ. ಖಾಲಿ ಕುರ್ಚಿ ತುಂಬಿಸುವುದು ಅವನ ಮೂಲ ಕಸುಬು. ಅಮೆರಿಕನ್ ಏರ್‌ಲೈನ್ಸ್ ಸುಮ್ಮನಿರಲಿಲ್ಲ. 1964ರಲ್ಲಿ ಸೋನಿ ಕಂಪನಿಯ ಟಿವಿಗಳನ್ನು ತೂಗುಹಾಕಿ ‘ಆಸ್ಟ್ರೋವಿಷನ್’ ಎಂಬ ಹೆಸರಿನಲ್ಲಿ ತನ್ನದೇ ವ್ಯವಸ್ಥೆ ತಂದಿತು.

ಆ ಕಾಲದ ಸಲಕರಣೆಯನ್ನು ಹತ್ತಿರದಿಂದ ನೋಡಿದರೆ ವ್ಯಾಪಾರದ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಫ್ಲೆಕ್ಸರ್‌ನ ಯಂತ್ರದಲ್ಲಿ 16 ಎಂ.ಎಂ. ಫಿಲಂ ಬಳಸಿದರು; ನಡುವೆ ರೀಲು ಬದಲಿಸುವ ಕೆಲಸ ಗಗನಸಖಿಯರ ತಲೆಗೆ ಬರಬಾರದೆಂದು ಪೂರ್ತಿ ಚಿತ್ರವನ್ನು ಒಂದೇ ದೊಡ್ಡ ರೀಲಿಗೆ ಸುತ್ತಿ, ಜಾಗ ಉಳಿಸಲು ಅದನ್ನು ಅಡ್ಡಡ್ಡ ಮಲಗಿಸಿದ್ದರು. ಶಬ್ದಕ್ಕೆ 1963ರ ಹೊತ್ತಿಗೆ ಬಂದದ್ದು ವಿದ್ಯುತ್ತಿಲ್ಲದ ಹೆಡ್‌ಫೋನ್. ಪುಟ್ಟ ಧ್ವನಿವರ್ಧಕ ಸೀಟಿನ ಕೈಯೊಳಗೆ ಕೂತಿರುತ್ತಿತ್ತು. ಸೀಟಿನ ಕೈಯಲ್ಲಿದ್ದ ತೂತುಗಳಿಗೆ ಟೊಳ್ಳು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದರೆ, ಡಾಕ್ಟರರ ಸ್ಟೆತಾಸ್ಕೋಪಿನಲ್ಲಿ ಬರುವಂತೆ ಗಾಳಿಯೇ ಶಬ್ದವನ್ನು ಕಿವಿಗೆ ತರುತ್ತಿತ್ತು. ತಯಾರಿಕೆಗೆ ಅಗ್ಗ, ತೊಳೆದು ಮತ್ತೆ ಕೊಡಬಹುದು, ಮನೆಗೆ ಒಯ್ದರೆ ಯಾವುದಕ್ಕೂ ಉಪಯೋಗವಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಹೆಡ್‌ಫೋನ್ ಪಡೆದವರಿಗೆ ಮಾತ್ರ ಸಿನಿಮಾ ಕೇಳಿಸುತ್ತದೆ. ಹಾಗಾಗಿ ಅದನ್ನು ಬಾಡಿಗೆಗೆ ಕೊಡಬಹುದು. 1960ರ ದಶಕದ ನಡುವೆ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಯಾಟಾದಲ್ಲಿ ಇದೇ ವಿಷಯಕ್ಕೆ ಜಗಳ ನಡೆಯಿತು. ಪುಕ್ಕಟೆ ಸಿನಿಮಾ ಎಂದರೆ ಒಪ್ಪಂದದ ದರವನ್ನು ಹಿಂಬಾಗಿಲಿನಿಂದ ಇಳಿಸಿದ ಹಾಗೆ ಎಂದು ಸಿನಿಮಾ ಇಲ್ಲದ ಕಂಪನಿಗಳು ದೂರಿದವು. ಕಡೆಗೆ ಸಾಮಾನ್ಯ ದರ್ಜೆಯವರು ಸಿನಿಮಾಕ್ಕೆ ಎರಡೂವರೆ ಡಾಲರ್ ತೆರಬೇಕೆಂದಾಯಿತು. ಸಿನಿಮಾವನ್ನು ಉಪಚಾರ ಎಂದು ನೋಡದೆ ದರದ ಭಾಗವೆಂದೇ ಲೆಕ್ಕ ಹಾಕಿದವರು ಸ್ವತಃ ಆ ವ್ಯಾಪಾರದವರು ಎಂಬುದನ್ನು ಗಮನಿಸಬೇಕು.

ಈಗ ಟೆಕ್ಸಾಸಿಗೆ ಬರೋಣ. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಎರಡು ಬೇರೆ ಕಾನೂನುಗಳ ಕೆಳಗೆ ಎರಡು ಕಂಪನಿಗಳು ಹೇಗೆ ನಡೆದುಕೊಂಡವು ಎಂದು ನೋಡುವ ಅವಕಾಶ ಡಲ್ಲಾಸ್ ಕೊಡುತ್ತದೆ. ಬ್ರಾನಿಫ್ ಇಂಟರ್‌ನ್ಯಾಷನಲ್ ಒಕ್ಕೂಟ ಸರಕಾರದ ದರಕ್ಕೆ ಕಟ್ಟುಬಿದ್ದ ದೊಡ್ಡ ಕಂಪನಿ. ದರದಲ್ಲಿ ಆಡಲಾಗದ್ದನ್ನು ಅದು ಬೆಡಗಿನಲ್ಲಿ ಆಡಿತು: 1965ರಿಂದ ವಿಮಾನಗಳಿಗೆ ಬಗೆಬಗೆಯ ಬಣ್ಣ, ಗಗನಸಖಿಯರಿಗೆ ಇಟಲಿಯ ಪುಚ್ಚಿ ವಿನ್ಯಾಸದ ಉಡುಪು, 1971ರ ಜನವರಿಯಿಂದ ಡಲ್ಲಾಸ್‌–ಹೊನಲುಲು ನಡುವೆ ಕಿತ್ತಳೆ ಬಣ್ಣದ ಜಂಬೋ ಜೆಟ್, 1973ರಲ್ಲಿ ಕಲಾವಿದ ಅಲೆಕ್ಸಾಂಡರ್ ಕಾಲ್ಡರ್ ಬಣ್ಣ ವಿನ್ಯಾಸ ಮಾಡಿದ ವಿಮಾನ. ಅದೇ ಡಲ್ಲಾಸಿನ ಲವ್ ಫೀಲ್ಡ್ ವಿಮಾನ ನಿಲ್ದಾಣದಿಂದ 1971ರ ಜೂನ್ 18ರಂದು ಸೌತ್‌ವೆಸ್ಟ್ ಏರ್‌ಲೈನ್ಸ್ ಹಾರಲು ತೊಡಗಿತು. ಅದರ ವಿಮಾನಗಳು ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೋ ನಡುವೆ ಮಾತ್ರ ಹಾರಿ ಟೆಕ್ಸಾಸಿನ ಗಡಿ ದಾಟದ ಕಾರಣ ವಾಷಿಂಗ್ಟನ್ನಿನ ಮಂಡಳಿಯ ದರ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಸಂಸ್ಥಾಪಕರಾದ ರೋಲಿನ್ ಕಿಂಗ್ ಮತ್ತು ಹರ್ಬ್ ಕೆಲೆಹರ್ ಹಾರುವ ಮೊದಲೇ ಮೂರು ವರ್ಷಕ್ಕೂ ಹೆಚ್ಚು ಕಾಲ ಕೋರ್ಟು ಅಲೆಯಬೇಕಾಯಿತು. ಎದುರು ನಿಂತವರಲ್ಲಿ ಬ್ರಾನಿಫ್ ಕೂಡ ಇತ್ತು. ಕೊನೆಗೆ ಹಾರಿದಾಗ ಸೌತ್‌ವೆಸ್ಟ್ 20 ಡಾಲರಿಗೆ ಟಿಕೆಟ್ ಮಾರಿತು. 1973ರಲ್ಲಿ ಬ್ರಾನಿಫ್ ಡಲ್ಲಾಸ್‌–ಹ್ಯೂಸ್ಟನ್ ದರವನ್ನು 13 ಡಾಲರಿಗೆ ಇಳಿಸಿದಾಗ, ಬೇಕಾದರೆ 13 ಕೊಡಿ, 26 ಕೊಟ್ಟರೆ ಒಂದು ಬಾಟಲಿ ವಿಸ್ಕಿ ಒಯ್ಯಿರಿ ಎಂದು ಸೌತ್‌ವೆಸ್ಟ್ ಜಾಹೀರಾತು ಕೊಟ್ಟಿತು. ದರವೇ ಆಯುಧವಾದವನಿಗೆ ಸಿನಿಮಾ ಬೇಕಾಗಲಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಡಲ್ಲಾಸಿನಿಂದ ಹ್ಯೂಸ್ಟನ್ ಒಂದು ಗಂಟೆಯ ದಾರಿ. ಅಷ್ಟರೊಳಗೆ ಯಾವ ಸಿನಿಮಾ ಮುಗಿಯುತ್ತದೆ? ಸೌತ್‌ವೆಸ್ಟ್ ಸಿನಿಮಾ ತೋರಿಸದಿರುವುದಕ್ಕೆ ದೂರವೇ ಕಾರಣ, ದರವಲ್ಲ ಎನ್ನಬಹುದು. 1970ರ ದಶಕದ ಮಟ್ಟಿಗೆ ಈ ಮಾತನ್ನು ಒಪ್ಪಬೇಕು. ಆದರೆ ಆ ಕಂಪನಿ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಅದು ದೇಶದ ಒಂದು ಕರಾವಳಿಯಿಂದ ಇನ್ನೊಂದಕ್ಕೆ, 2019ರಲ್ಲಿ ಹವಾಯಿಗೆ ಕೂಡ ಹಾರತೊಡಗಿತು. ಐದು ಗಂಟೆಯ ಆ ಹಾರಾಟಗಳಲ್ಲೂ ಅದು ಸೀಟಿನ ಬೆನ್ನಿಗೆ ಪರದೆ ಕೂರಿಸಲಿಲ್ಲ. ಪ್ರಯಾಣಿಕರು ತಮ್ಮ ಫೋನಿನಲ್ಲೇ ನೋಡುವ ಏರ್ಪಾಟು ಮಾಡಿತು. 1961ರಲ್ಲಿ ಟಿಡಬ್ಲ್ಯುಎ ಸಿನಿಮಾ ತಂದದ್ದೂ ಐದು ಗಂಟೆಯ ದಾರಿಗೇ. ಅಷ್ಟೇ ದೂರಕ್ಕೆ ಒಬ್ಬ ಪರದೆ ತಂದ, ಇನ್ನೊಬ್ಬ ಬೇಡವೆಂದ. ವ್ಯತ್ಯಾಸ ಇದ್ದದ್ದು ಅವರು ಗಿರಾಕಿಯನ್ನು ಹಿಡಿಯುವ ಬಗೆಯಲ್ಲಿ. ದೂರ ಸಿನಿಮಾಕ್ಕೆ ಎಡೆ ಮಾಡಿಕೊಡುತ್ತದೆ. ಅದನ್ನು ಕರೆತರುವುದು ಪೈಪೋಟಿಯ ಸ್ವರೂಪ.

1978ರ ಅಕ್ಟೋಬರಿನಲ್ಲಿ ಹೊಸ ಕಾನೂನು ಬಂದು ದರದ ಬೇಲಿ ತೆಗೆಯಿತು. ಬೇಲಿಯೊಳಗೆ ಬೆಡಗು ಬೆಳೆಸಿದ್ದ ಬ್ರಾನಿಫ್ ಕಂಡಲ್ಲೆಲ್ಲ ಮಾರ್ಗ ವಿಸ್ತರಿಸಿ, ಇಂಧನದ ಬೆಲೆಯೇರಿಕೆಗೆ ಸಿಕ್ಕಿ, 1982ರ ಮೇ 12ರಂದು ಹಾರಾಟ ನಿಲ್ಲಿಸಿತು. 1979ರಲ್ಲಿ ನ್ಯೂಯಾರ್ಕ್‌ನಿಂದ ತನ್ನ ಮುಖ್ಯ ಕಚೇರಿಯನ್ನು ಡಲ್ಲಾಸ್‌–ಫೋರ್ಟ್ ವರ್ತ್‌ಗೆ ತಂದ ಅಮೆರಿಕನ್ ಏರ್‌ಲೈನ್ಸ್ ಬೇರೆ ದಾರಿ ಹಿಡಿಯಿತು. ಒಂದೊಂದು ಪ್ರಯಾಣದಲ್ಲೂ ಸಿನಿಮಾ ತೋರಿಸಿ ಒಲಿಸಿಕೊಳ್ಳುವುದಕ್ಕಿಂತ, ಹಾರಿದ ಮೈಲಿಗಳನ್ನು ಖಾತೆಗೆ ಹಾಕಿ ಗಿರಾಕಿಯನ್ನು ವರ್ಷಗಟ್ಟಲೆ ಕಟ್ಟಿಹಾಕುವುದು ಲಾಭವೆಂದು ಕಂಡು 1981ರ ಮೇನಲ್ಲಿ ‘ಅಡ್ವಾಂಟೇಜ್’ ಯೋಜನೆ ತಂದಿತು. ಹ್ಯೂಸ್ಟನ್ನಿನ ಕಾಂಟಿನೆಂಟಲ್ ಏರ್‌ಲೈನ್ಸ್ ಬಹಳ ತಡವಾಗಿ, 2009ರ ಹೊತ್ತಿಗೆ, ದೇಶದೊಳಗಿನ ವಿಮಾನಗಳಿಗೆ ಉಪಗ್ರಹ ಟಿವಿ ತಂದಾಗ ಸಾಮಾನ್ಯ ದರ್ಜೆಯವರು ಅದಕ್ಕೆ ದುಡ್ಡು ಕೊಡಬೇಕಿತ್ತು. ಮರುವರ್ಷ ಆ ಕಂಪನಿ ಯುನೈಟೆಡ್ ಜೊತೆ ಸೇರಿಹೋಯಿತು. ದರ ಸ್ವತಂತ್ರವಾದಲ್ಲಿ ಪರದೆ ಪುಕ್ಕಟೆ ಉಪಚಾರದ ಸ್ಥಾನ ಕಳೆದುಕೊಂಡು, ಒಂದೋ ಮಾರಾಟದ ಸರಕಾಯಿತು, ಇಲ್ಲವೇ ಅನಗತ್ಯ ಖರ್ಚಾಯಿತು.

ಹಾಗಿದ್ದರೆ ದೂರದ ವಿಮಾನಗಳಲ್ಲಿ ಸಿನಿಮಾ ಕಡಿಮೆಯಾಗದೆ ಬೆಳೆದದ್ದೇಕೆ? ಅಲ್ಲಿ ಪೈಪೋಟಿಯ ರೂಪವೇ ಬೇರೆ ಎಂಬುದೇ ಉತ್ತರ. 1988ರಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸ್ ಜಂಬೋ ಜೆಟ್ಟಿನ ಸೀಟುಗಳ ಬೆನ್ನಿಗೆ ಅಂಗೈಗಿಂತ ಚಿಕ್ಕ ಪರದೆಗಳನ್ನು ಪ್ರಯೋಗಕ್ಕೆ ಕೂರಿಸಿತು. 1992ರಲ್ಲಿ ದುಬೈಯ ಎಮಿರೇಟ್ಸ್ ಎಲ್ಲ ದರ್ಜೆಗಳ ಎಲ್ಲ ಸೀಟುಗಳಿಗೂ ಪರದೆ ಕೊಡಲು ನಿರ್ಧರಿಸಿತು. ದುಬೈಯಂಥ ಊರಿಗೆ ಆಗ ತನ್ನದೇ ಪ್ರಯಾಣಿಕರು ಕಡಿಮೆ. ಒಂದು ಖಂಡದಿಂದ ಇನ್ನೊಂದಕ್ಕೆ ಹೋಗುವವರನ್ನು ತನ್ನಲ್ಲಿ ಇಳಿಸಿ ಹತ್ತಿಸುವುದೇ ಅದರ ವ್ಯಾಪಾರ. ಲಂಡನ್ ಬಿಟ್ಟು, ಫ್ರಾಂಕ್‌ಫರ್ಟ್ ಬಿಟ್ಟು ದುಬೈಯಲ್ಲೇ ಏಕೆ ಇಳಿಯಬೇಕು ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ಪರದೆಯೂ ಒಂದು. 2007ರ ಡಿಸೆಂಬರಿನಲ್ಲಿ ಎಮಿರೇಟ್ಸ್ ಹ್ಯೂಸ್ಟನ್ನಿಗೆ, 2012ರ ಫೆಬ್ರವರಿಯಲ್ಲಿ ಡಲ್ಲಾಸಿಗೆ ಬಂತು. ಕತಾರ್ ಏರ್‌ವೇಸ್ 2009ರಲ್ಲಿ ಹ್ಯೂಸ್ಟನ್ನಿಗೆ, 2014ರಲ್ಲಿ ಡಲ್ಲಾಸಿಗೆ ಬಂತು. ಬ್ರಿಟಿಷ್ ಏರ್‌ವೇಸ್ 2014ರಲ್ಲಿ ಲಂಡನ್ನಿನಿಂದ, ಲುಫ್ತಾನ್ಸಾ 2019ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಆಸ್ಟಿನ್‌ಗೆ ಹಾರತೊಡಗಿದವು. ಈ ಸ್ಪರ್ಧೆಗೆ ಒಂದು ಕರಾಳ ಪುಟವೂ ಇದೆ. 1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111ನೇ ವಿಮಾನ ಕೆನಡಾದ ತೀರದಲ್ಲಿ ಸಮುದ್ರಕ್ಕೆ ಬಿದ್ದು 229 ಮಂದಿ ಸತ್ತರು. ಹೊಸದಾಗಿ ಜೋಡಿಸಿದ್ದ ಮನರಂಜನಾ ವ್ಯವಸ್ಥೆಯ ತಂತಿಯಲ್ಲಿ ಕಿಡಿ ಹಾರಿದ್ದಕ್ಕೂ, ವಿಮಾನದ ಒಳಗೋಡೆಯ ನಿರೋಧಕ ಹೊದಿಕೆಗೆ ಬೆಂಕಿ ಹತ್ತಿಕೊಂಡದ್ದಕ್ಕೂ ನಂಟಿರುವ ಸಾಧ್ಯತೆ ಹೆಚ್ಚು ಎಂದು ತನಿಖೆ ಕಂಡಿತು. ಪೈಪೋಟಿಯ ಅವಸರ ಸುರಕ್ಷತೆಯ ಮುಂದೆ ಓಡಬಾರದು ಎಂಬ ಪಾಠವನ್ನು ಆ ಸಾವುಗಳ ಬೆಲೆ ತೆತ್ತು ಕಲಿಯಬೇಕಾಯಿತು.

ಟೆಕ್ಸಾಸಿನಿಂದ ಬೆಂಗಳೂರಿನ ದಾರಿಯಲ್ಲಿ ಕನ್ನಡಿಗರು ಹೆಚ್ಚಾದದ್ದು ಆಕಸ್ಮಿಕವಲ್ಲ. ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆದಾಗಲೇ ಎರಡೂ ಊರುಗಳಿಗೆ ಕೊಂಡಿ ಬಿದ್ದಿತ್ತು. ಹ್ಯೂಸ್ಟನ್ನಿನ ತೈಲ ಉದ್ಯಮ ಮತ್ತು ಆಸ್ಪತ್ರೆಗಳು, ಆಸ್ಟಿನ್ನಿನ ಕಂಪ್ಯೂಟರ್ ಕಂಪನಿಗಳು ಆ ಕೊಂಡಿಯನ್ನು ಗಟ್ಟಿ ಮಾಡಿದವು. ಡಲ್ಲಾಸಿನಲ್ಲಿ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ನಿನಲ್ಲಿ ಕನ್ನಡ ವೃಂದ, ಆಸ್ಟಿನ್ನಿನಲ್ಲಿ ಕನ್ನಡ ಸಂಘ ಬೆಳೆದವು. 2000ದಲ್ಲಿ ಹ್ಯೂಸ್ಟನ್, 2018ರಲ್ಲಿ ಡಲ್ಲಾಸ್ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನಕ್ಕೆ ನೆಲೆಯಾದವು. ಮಗಳ, ಸೊಸೆಯ ಬಾಣಂತನಕ್ಕೆಂದು ಹೊರಡುವ ತಂದೆತಾಯಿಗಳು ಈ ದಾರಿಯ ನಿತ್ಯದ ಪ್ರಯಾಣಿಕರು. ಅವರಲ್ಲಿ ಎಷ್ಟೋ ಜನಕ್ಕೆ ಕನ್ನಡ ಬಿಟ್ಟು ಬೇರೆ ಭಾಷೆಯ ಚಿತ್ರ ಎರಡು ಗಂಟೆ ನೋಡುವಷ್ಟು ಹಿಡಿಸುವುದಿಲ್ಲ. ಇಡೀ ವಿಮಾನಕ್ಕೆ ಒಂದೇ ಪರದೆಯಿದ್ದ ಕಾಲದಲ್ಲಿ ಕನ್ನಡ ಬರುವ ಮಾತೇ ಇರಲಿಲ್ಲ: ಮಕ್ಕಳು, ಮುದುಕರು, ಎಲ್ಲ ದೇಶದವರು ಒಟ್ಟಿಗೆ ಕೂತಲ್ಲಿ ಯಾರನ್ನೂ ಹೊರಗಿಡದ ಒಂದು ಚಿತ್ರ ಆರಿಸಬೇಕಿತ್ತು. ಪ್ರತಿ ಸೀಟಿಗೂ ಪರದೆ ಬಂದು, ಸಾವಿರಾರು ಶೀರ್ಷಿಕೆ ತುಂಬುವ ಜಾಗ ಬಂದ ಮೇಲೆ ಆ ಕಾರಣ ಮುಗಿಯಿತು. ಆದರೂ ಭಾರತೀಯ ಚಿತ್ರಗಳ ಪಟ್ಟಿಯಲ್ಲಿ ಹಿಂದಿಯದು ದೊಡ್ಡ ಪಾಲು. ಕನ್ನಡ ಸಿಕ್ಕರೂ ಅಪರೂಪಕ್ಕೆ.

ಕನ್ನಡ ಚಿಕ್ಕ ಭಾಷೆ, ನೋಡುವವರು ಕಡಿಮೆ, ಆದ್ದರಿಂದ ಹೀಗೆ ಎನ್ನುವುದು ಸುಲಭದ ಉತ್ತರ. ಅದು ತಪ್ಪು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯಾದವರು ಸುಮಾರು 4.37 ಕೋಟಿ, ಮಲಯಾಳ ಸುಮಾರು 3.48 ಕೋಟಿ. ಜನಸಂಖ್ಯೆಯೇ ಅಳತೆಯಾಗಿದ್ದರೆ ಗಲ್ಫ್ ವಿಮಾನಗಳಲ್ಲಿ ಮಲಯಾಳಕ್ಕಿಂತ ಕನ್ನಡ ಮುಂದಿರಬೇಕಿತ್ತು. ಹಾಗಾಗದಿರಲು ಕಾರಣ, ದಶಕಗಳಿಂದ ಆ ಸೀಟುಗಳನ್ನು ತುಂಬಿದವರು ಕೇರಳದವರು. ವಿಮಾನ ಕಂಪನಿ ಭಾಷಿಕರನ್ನು ಎಣಿಸುವುದಿಲ್ಲ, ಟಿಕೆಟ್ ಕೊಂಡವರನ್ನು ಎಣಿಸುತ್ತದೆ. ಇನ್ನೊಂದು ಕಾರಣ ನಮ್ಮ ಕಡೆಯದು. ವಿಮಾನದಲ್ಲಿ ತೋರಿಸುವ ಹಕ್ಕು ಚಿತ್ರಮಂದಿರದ, ಟಿವಿಯ ಹಕ್ಕುಗಳಿಂದ ಬೇರೆಯಾದದ್ದು; ಮಧ್ಯವರ್ತಿ ಸಂಸ್ಥೆಗಳು ಅದನ್ನು ಕೊಂಡು, ಉಪಶೀರ್ಷಿಕೆ ಸೇರಿಸಿ, ವಿಮಾನದ ಯಂತ್ರಕ್ಕೆ ಹೊಂದುವಂತೆ ಸಿದ್ಧಪಡಿಸಿ, ಅವಧಿಯ ಲೆಕ್ಕದಲ್ಲಿ ಕಂಪನಿಗಳಿಗೆ ಒದಗಿಸುತ್ತವೆ. ಕನ್ನಡ ಚಿತ್ರೋದ್ಯಮ ಬಹುಕಾಲ ಕರ್ನಾಟಕದ ಮಾರುಕಟ್ಟೆಯನ್ನೇ ನಂಬಿ ಬದುಕಿತು. ಹೊರನಾಡಿನ ಹಂಚಿಕೆ ಹೆಚ್ಚಾಗಿ ಸಂಘಗಳ ಉತ್ಸಾಹದ ಮೇಲೆ ನಿಂತಿತ್ತು. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಐದು ಭಾಷೆಗಳಲ್ಲಿ, 2022ರಲ್ಲಿ ‘ಕಾಂತಾರ’ ಮೊದಲು ಕನ್ನಡದಲ್ಲಿ, ಬೆನ್ನಿಗೇ ಇತರ ಭಾಷೆಗಳಲ್ಲಿ ತೆರೆಕಂಡ ಮೇಲೆ ಹೊರಗಿನ ಹಂಚಿಕೆದಾರರು ಕನ್ನಡದ ಕಡೆ ತಿರುಗಿ ನೋಡಿದರು. ಇಲ್ಲೊಂದು ಎಚ್ಚರ ಬೇಕು: ಹಿಂದಿಗೆ ಡಬ್ ಆದ ಕನ್ನಡ ಚಿತ್ರ ಪಟ್ಟಿಗೆ ಸೇರಿದರೆ ನಿರ್ಮಾಪಕರಿಗೆ ಹಣ ಬರುತ್ತದೆ, ಬಾಣಂತನಕ್ಕೆ ಹೊರಟ ತಾಯಿಗೆ ಕನ್ನಡ ಸಿಗುವುದಿಲ್ಲ.

ಇನ್ನು ಮುಂದೆ ಈ ಚರ್ಚೆಯೇ ಬೇಡ, ಎಲ್ಲರ ಕೈಯಲ್ಲೂ ಫೋನಿದೆ, ಬೇಕಾದ ಕನ್ನಡ ಚಿತ್ರವನ್ನು ಮನೆಯಲ್ಲೇ ಇಳಿಸಿಕೊಂಡು ಹೋದರಾಯಿತು ಎಂಬ ವಾದವೂ ಇದೆ. ಅಮೆರಿಕನ್ ಏರ್‌ಲೈನ್ಸ್ 2017ರ ಜನವರಿಯಲ್ಲಿ ಇದೇ ಧಾಟಿಯಲ್ಲಿ ಮಾತಾಡಿತು: ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪ್ರಯಾಣಿಕರು ತಮ್ಮದೇ ಸಾಧನ ತರುತ್ತಾರೆ, ಆದ್ದರಿಂದ ದೇಶದೊಳಗಿನ ಹೊಸ 737 ವಿಮಾನಗಳಿಗೆ ಪರದೆ ಬೇಡ ಎಂದಿತು. ದೂರದ ದೊಡ್ಡ ವಿಮಾನಗಳಲ್ಲಿ ಮಾತ್ರ ಪರದೆ ಉಳಿಸಿಕೊಂಡಿತು. ಹ್ಯೂಸ್ಟನ್ನಿನಲ್ಲಿ ದೊಡ್ಡ ನೆಲೆಯಿರುವ ಯುನೈಟೆಡ್ ನಾಲ್ಕೇ ವರ್ಷದಲ್ಲಿ ತದ್ವಿರುದ್ಧ ನಿರ್ಧಾರಕ್ಕೆ ಬಂದು, ಚಿಕ್ಕ ವಿಮಾನಗಳಿಗೂ ಪ್ರತಿ ಸೀಟಿಗೆ ಪರದೆ ಹಾಕುವುದಾಗಿ 2021ರಲ್ಲಿ ಸಾರಿತು. 2024ರಲ್ಲಿ ತನ್ನದೇ ಜಾಹೀರಾತು ಜಾಲ ತೆರೆದು ಆ ಪರದೆಗಳನ್ನು ಜಾಹೀರಾತುದಾರರಿಗೂ ತೆರೆದಿಟ್ಟಿತು. ಟೆಕ್ಸಾಸಿನ ಆಕಾಶದಲ್ಲಿ ಒಬ್ಬರು ಕಿತ್ತುಹಾಕಿದ್ದನ್ನು ಇನ್ನೊಬ್ಬರು ಕೂರಿಸಿದರು. ಇಬ್ಬರ ಲೆಕ್ಕವೂ ಲಾಭದ್ದೇ. ಫೋನಿನ ವಾದ ಯುವಕರಿಗೆ ಒಪ್ಪುತ್ತದೆ. ಆದರೆ ಮೊದಲ ಸಲ ಹೊರಟ ಹಿರಿಯರು ಚಿತ್ರ ಇಳಿಸಿಕೊಂಡು, ಬ್ಯಾಟರಿ ಕಾಯ್ದುಕೊಂಡು, ಅಂಗೈಯಗಲದ ಪರದೆ ನೋಡುತ್ತಾ ಹದಿನೈದು ಗಂಟೆ ಕೂರಲಿ ಎನ್ನುವುದು ನ್ಯಾಯವಲ್ಲ. ಪರದೆಯ ಅಗತ್ಯ ಯಾರಿಗೆ ಅತ್ಯಂತ ಹೆಚ್ಚೋ ಅವರನ್ನೇ ಈ ವಾದ ಮರೆಯುತ್ತದೆ.

ಸಿನಿಮಾ ವ್ಯಾಪಾರದ ಉಪಾಯವಾಗಿ ಬಂತು ಎಂದ ಮಾತ್ರಕ್ಕೆ ಅದು ಕೊಟ್ಟ ಸಮಾಧಾನ ಸುಳ್ಳಾಗುವುದಿಲ್ಲ. ನಿದ್ದೆ ಬಾರದೆ, ಕಾಲು ಚಾಚಲಾಗದೆ ಕೂತವರಿಗೆ ಒಂದು ಒಳ್ಳೆಯ ಚಿತ್ರ ಮಾಡುವ ಉಪಕಾರ ದೊಡ್ಡದು. ಆದರೆ ಅದರ ಮೂಲ ತಿಳಿದರೆ ನಮ್ಮ ಬೇಡಿಕೆಯ ಭಾಷೆ ಬದಲಾಗಬೇಕು. ಕನ್ನಡ ಚಿತ್ರವಿಲ್ಲದ್ದನ್ನು ಅವಮಾನವೆಂದು ನೊಂದುಕೊಂಡರೆ ಯಾವ ಕಂಪನಿಯೂ ಕದಲುವುದಿಲ್ಲ. ಸಣ್ಣ ಭಾಷೆಯ ಹಣೆಬರಹವೆಂದು ಸುಮ್ಮನಿದ್ದರೆ ಅಂಕಿಸಂಖ್ಯೆಗೇ ದ್ರೋಹ ಮಾಡಿದಂತೆ. ಬೆಂಗಳೂರಿನ ಟಿಕೆಟ್ ಮಾರುವ ಕಂಪನಿಗಳಿಗೆ ಟೆಕ್ಸಾಸಿನ ಸಂಘಗಳು ಒಟ್ಟಾಗಿ, ನಾವು ಇಷ್ಟು ಕುಟುಂಬ, ವರ್ಷಕ್ಕೆ ಇಷ್ಟು ಸೀಟು ಕೊಳ್ಳುತ್ತೇವೆ ಎಂದು ಲೆಕ್ಕ ಮುಂದಿಡಬೇಕು. ನಿರ್ಮಾಪಕರು ವಿಮಾನದ ಹಕ್ಕನ್ನು ಇತರ ಹಕ್ಕುಗಳ ಜೊತೆ ಬಿಟ್ಟುಕೊಡದೆ ಬೇರೆಯಾಗಿ ಮಾರಬೇಕು, ಮೂಲ ಕನ್ನಡ ಧ್ವನಿ ಇರಲೇಬೇಕೆಂದು ಒಪ್ಪಂದದಲ್ಲಿ ಬರೆಸಬೇಕು, ಉಪಶೀರ್ಷಿಕೆ ಮೊದಲೇ ಸಿದ್ಧವಿಡಬೇಕು. 1961ರಿಂದ ಇಂದಿನವರೆಗೆ ವಿಮಾನದ ಪರದೆ ಸೀಟಿನ ಲೆಕ್ಕಕ್ಕೆ ಓಗೊಟ್ಟಿದೆ. ಬೆಂಗಳೂರಿನ ದಾರಿಯಲ್ಲಿ ಸೀಟು ತುಂಬುವವರಲ್ಲಿ ಕನ್ನಡಿಗರೂ ದೊಡ್ಡ ಪಾಲಿನವರು. ಆ ಪಾಲನ್ನು ಎಣಿಸಿ ತೋರಿಸುವ ಕೆಲಸ ಇನ್ನು ನಮ್ಮದು.